ಹೊಸ ಸಲಕರಣೆಗಳು: ಬಳಸಿ ನೋಡಿದವನ ನಾಲ್ಕು ಮಾತು

ನಮ್ಮ ಬ್ಲಾಕಿನ ಹಳ್ಳಿಗಳಲ್ಲಿ ಮೊಬೈಲ್ ಫೋನು ಇಲ್ಲದ ಮನೆ ಈಗ ಅಪರೂಪ. ಮೊದಲು ಬರಿಯ ಮಾತಿಗಾಗಿ ಇದ್ದ ಈ ಯಂತ್ರವು ಇಂದು ಪಹಣಿ ತೋರಿಸುತ್ತದೆ, ಮಳೆಯ ಸಮಾಚಾರ ತಿಳಿಸುತ್ತದೆ, ಗೊಬ್ಬರದಂಗಡಿಗೆ ಹಣ ಸಲ್ಲಿಸುತ್ತದೆ, ಮನೆಯ ಜಗುಲಿಯ ಮೇಲೆ ಕುಳಿತವನಿಗೆ ತೋಟದ ಮೋಟಾರನ್ನು ಹಾಕಿಕೊಡುತ್ತದೆ. ಇವುಗಳ ಗುಣವನ್ನು ಮಾರುವವರು ಬೇಕಾದಷ್ಟು ಹೇಳಿದ್ದಾರೆ. ಆದರೆ ಬಳಸುವವರ ಮಾತು ಅಷ್ಟಾಗಿ ಅಚ್ಚಿಗೆ ಬರುವುದಿಲ್ಲ. ಕೂರಿಗೆ ಕೊಳ್ಳುವಾಗ ನಾವು ಅದರ ಬಣ್ಣ ನೋಡಿ ಕೊಳ್ಳುವುದಿಲ್ಲ. ಬೀಜ ಸಮನಾಗಿ ಬೀಳುತ್ತದೆಯೆ, ಸಾಲು ನೇರವಾಗಿ ಬರುತ್ತದೆಯೆ ಎಂದು ನೋಡುತ್ತೇವೆ. ಫೋನು, ಆ್ಯಪು, ಜಾಲತಾಣಗಳನ್ನೂ ಅದೇ ಕಣ್ಣಿನಿಂದ ನೋಡಬೇಕೆಂಬುದು ನನ್ನ ಅಭಿಪ್ರಾಯ. ನಾನು ಇಂಜಿನಿಯರನಲ್ಲ, ಅಂಗಡಿಯವನೂ ಅಲ್ಲ. ಬಳಸುತ್ತ ಬಂದವನಾಗಿ ತೋರಿದ್ದನ್ನು ಇಲ್ಲಿ ಬರೆದಿದ್ದೇನೆ.

ಫೋನಿನ ಮಾತನ್ನು ಮೊದಲು ಮುಗಿಸಿಬಿಡೋಣ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಕಂಪನಿ ಮಾರುಕಟ್ಟೆಗೆ ಬಂದ ಮೇಲೆ ಇಂಟರ್ನೆಟ್ಟಿನ ಬೆಲೆ ಇಳಿಯಿತು. ಹಳ್ಳಿಗಳಲ್ಲಿ ಸ್ಮಾರ್ಟ್ ಫೋನು ಹರಡಲು ಅದೊಂದು ದೊಡ್ಡ ಕಾರಣ. ಅಂಗಡಿಯವನು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂಬುದನ್ನೇ ಮೊದಲು ಹೇಳುತ್ತಾನೆ. ರೈತನಿಗೆ ಬೇಕಾದದ್ದು ಬೇರೆ. ಫೋನನ್ನು ಅಂಗಡಿಯಿಂದ ಬಿಸಿಲಿಗೆ ತಂದು ಹಿಡಿಯಿರಿ. ಮಟಮಟ ಮಧ್ಯಾಹ್ನ ಪರದೆಯ ಅಕ್ಷರ ಕಾಣಿಸದಿದ್ದರೆ ಆ ಫೋನು ಹೊಲಕ್ಕೆ ಪ್ರಯೋಜನವಿಲ್ಲ. ಬ್ಯಾಟರಿ ಬೆಳಗಿನಿಂದ ರಾತ್ರಿಯವರೆಗೆ ತಡೆಯಬೇಕು. ಊರಿನಲ್ಲಿ 5ಜಿ ಗೋಪುರವೇ ಇಲ್ಲದಿರುವಾಗ ಆ ಹೆಸರಿಗೆಂದು ಹೆಚ್ಚು ಹಣ ಕೊಡಬೇಕಾದ್ದಿಲ್ಲ. ಕನ್ನಡದಲ್ಲಿ ಬರೆಯಲು ಬಾರದೆಂಬ ಹಿಂಜರಿಕೆಯೂ ಬೇಡ. 2017ರಿಂದ ಗೂಗಲ್ಲಿನ ಕೀಲಿಮಣೆಯಲ್ಲಿ ಮೈಕಿನ ಗುರುತನ್ನು ಒತ್ತಿ ಕನ್ನಡದಲ್ಲಿ ಮಾತನಾಡಿದರೆ ಅದೇ ಅಕ್ಷರವಾಗಿ ಮೂಡುತ್ತದೆ. ಓದು ಬಾರದ ಹಿರಿಯರೂ ಇದನ್ನು ಬಲು ಬೇಗ ಕಲಿಯುತ್ತಾರೆ. ನಮ್ಮ ಕಡೆಯ ಮಾತಿನ ರಾಗಕ್ಕೆ ಅದು ಆಗಾಗ ತಬ್ಬಿಬ್ಬಾಗುತ್ತದೆಂಬುದು ಬೇರೆ ಸಂಗತಿ.

ಮೋಟಾರು ಹಾಕುವ ಪೆಟ್ಟಿಗೆ

ಹೊಸ ಸಲಕರಣೆಗಳಲ್ಲೆಲ್ಲ ರೈತನ ಕಷ್ಟವನ್ನು ನಿಜವಾಗಿ ಕಡಿಮೆ ಮಾಡಿದ್ದು ಯಾವುದೆಂದು ಕೇಳಿದರೆ, ಸ್ಟಾರ್ಟರಿನ ಪಕ್ಕದಲ್ಲಿ ಕೂರಿಸುವ ಮೊಬೈಲ್ ಪೆಟ್ಟಿಗೆ ಎಂದು ನಾನು ಹೇಳುತ್ತೇನೆ. ತ್ರೀ ಫೇಸ್ ವಿದ್ಯುತ್ತು ನಮಗೆ ದಿನವಿಡೀ ಸಿಗುವುದಿಲ್ಲ. ಪಾಳಿಯ ಪ್ರಕಾರ ಬರುತ್ತದೆ. ಪಾಳಿ ರಾತ್ರಿಯದಾದರೆ ನಡುರಾತ್ರಿಯಲ್ಲಿ ಎದ್ದು ಬ್ಯಾಟರಿ ಹಿಡಿದು ತೋಟಕ್ಕೆ ನಡೆಯಬೇಕು. ಹಾವು ತುಳಿದವರು, ಚಿರತೆಗೆ ಹೆದರಿ ಹಿಂದಿರುಗಿದವರು, ಒದ್ದೆ ಕೈಯಲ್ಲಿ ಸ್ಟಾರ್ಟರು ಮುಟ್ಟಿ ಶಾಕಿಗೆ ಸಿಕ್ಕವರು ಯಾವ ಹೋಬಳಿಯಲ್ಲಿ ಇಲ್ಲ? ಆ ನಡಿಗೆಯನ್ನು ತಪ್ಪಿಸಿದ್ದೇ ಈ ಪೆಟ್ಟಿಗೆಯ ದೊಡ್ಡ ಉಪಕಾರ.

ಇದರ ಕೆಲಸ ಹೇಗೆಂದರೆ, ಪೆಟ್ಟಿಗೆಯೊಳಗೆ ಫೋನಿನಂತೆಯೇ ಒಂದು ಸಿಮ್ ಇರುತ್ತದೆ. ಯಜಮಾನನ ನಂಬರನ್ನು ಮೊದಲೇ ಅದರಲ್ಲಿ ನಮೂದಿಸಿರುತ್ತಾರೆ. ಆ ನಂಬರಿನಿಂದ ಕರೆಯಾಗಲಿ ಸಂದೇಶವಾಗಲಿ ಬಂದಾಗ ಪೆಟ್ಟಿಗೆಯು ಮೊದಲು ಮೂರು ಫೇಸುಗಳೂ ಇವೆಯೆ, ವೋಲ್ಟೇಜು ಸಾಕಷ್ಟಿದೆಯೆ ಎಂದು ಪರೀಕ್ಷಿಸುತ್ತದೆ. ಎಲ್ಲ ಸರಿಯಾಗಿದ್ದರೆ ಒಳಗಿನ ರಿಲೇ ಎಂಬ ಸಣ್ಣ ಕೊಂಡಿ ಕೂಡಿಕೊಳ್ಳುತ್ತದೆ. ಅಂದರೆ ಸ್ಟಾರ್ಟರಿನ ಹಸಿರು ಗುಂಡಿಯನ್ನು ನಮ್ಮ ಬೆರಳು ಒತ್ತುವ ಬದಲಿಗೆ ಈ ಕೊಂಡಿ ಒತ್ತಿದ ಹಾಗೆ. ಒಂದು ಫೇಸು ಹೋಗಿದ್ದರೆ ಒಳ್ಳೆಯ ಪೆಟ್ಟಿಗೆ ಮೋಟಾರನ್ನು ಹಾಕುವುದೇ ಇಲ್ಲ. ಮೋಟಾರು ಓಡುತ್ತಿರುವಾಗಲೂ ತಂತಿಯ ಸುತ್ತ ಕೂರಿಸಿದ ಒಂದು ಬಳೆಯು ಎಷ್ಟು ಆಂಪಿಯರ್ ವಿದ್ಯುತ್ತು ಹರಿಯುತ್ತಿದೆಯೆಂದು ಅಳೆಯುತ್ತಿರುತ್ತದೆ. ಬೋರಿನಲ್ಲಿ ನೀರು ಮುಗಿದು ಪಂಪು ಬರಿದೇ ತಿರುಗಿದರೆ ಆಂಪಿಯರು ಇಳಿಯುತ್ತದೆ. ಇಳಿದ ಕೂಡಲೆ ಪೆಟ್ಟಿಗೆ ಮೋಟಾರನ್ನು ನಿಲ್ಲಿಸುತ್ತದೆ. ಮೋಟಾರು ಸುಟ್ಟರೆ ಮೇಲೆತ್ತುವ ಕೂಲಿ, ವೈಂಡಿಂಗಿನ ಖರ್ಚು, ಆ ವೇಳೆಗೆ ಒಣಗುವ ಬೆಳೆ ಇವನ್ನು ಲೆಕ್ಕ ಹಾಕಿದವರಿಗೆ ಈ ಒಂದು ಗುಣಕ್ಕೇ ಪೆಟ್ಟಿಗೆಯ ಬೆಲೆ ಸಂದಂತೆ ತೋರುತ್ತದೆ.

ಕೊಳ್ಳುವ ಮುಂಚೆ ನೋಡತಕ್ಕ ಸಂಗತಿಗಳು ಕೆಲವಿವೆ. ಪೆಟ್ಟಿಗೆ 2ಜಿಯದೋ 4ಜಿಯದೋ ಎಂದು ಕೇಳಿ ತಿಳಿಯಬೇಕು. ಜಿಯೋದಲ್ಲಿ 2ಜಿ ಸೇವೆ ಇಲ್ಲವಾದ್ದರಿಂದ 2ಜಿ ಪೆಟ್ಟಿಗೆಗೆ ಜಿಯೋ ಸಿಮ್ ಹಾಕಿದರೆ ನಡೆಯದು. ಯಾವ ಕಂಪನಿಯ ಸಿಮ್ ಹಾಕಬೇಕೆಂದಿದ್ದೀರೋ ಆ ಕಂಪನಿಯ ಫೋನನ್ನು ಸ್ಟಾರ್ಟರಿನ ಬಳಿಗೆ ಒಯ್ದು ಅಲ್ಲಿಂದಲೇ ಒಮ್ಮೆ ಮಾತನಾಡಿ ನೋಡಿ. ಮನೆಯಲ್ಲಿ ಸಿಗ್ನಲ್ ಇದ್ದ ಮಾತ್ರಕ್ಕೆ ಹಳ್ಳದ ಬದಿಯ ಬೋರಿನ ಬಳಿ ಇರುತ್ತದೆಂದು ಹೇಳಲಾಗದು. ಕಬ್ಬಿಣದ ಡಬ್ಬಿಯೊಳಗೆ ಸಿಗ್ನಲ್ ಸಾಯುತ್ತದೆ. ಆಂಟೆನಾದ ತಂತಿಯನ್ನು ಹೊರಗೆ ತೆಗೆದಿರಬೇಕು. ಪೆಟ್ಟಿಗೆ ಕೆಟ್ಟ ದಿನ ಕೈಯಿಂದ ಮೋಟಾರು ಹಾಕಲು ಬೈಪಾಸ್ ಸ್ವಿಚ್ಚು ಇದೆಯೆ? ರಿಪೇರಿಗೆ ತಾಲ್ಲೂಕಿನ ಊರಿನಲ್ಲಿ ಯಾರಾದರೂ ಇದ್ದಾರೆಯೆ? ಬೆಂಗಳೂರಿಗೋ ಪುಣೆಗೋ ಪಾರ್ಸೆಲ್ ಮಾಡಿ ಹದಿನೈದು ದಿನ ಕಾಯುವಂತಾದರೆ ಬೇಸಿಗೆಯಲ್ಲಿ ತರಕಾರಿ ಬೆಳೆ ಕಾಯುವುದಿಲ್ಲ.

ಸಿಮ್ಮಿನ ಕರೆನ್ಸಿಯ ಲೆಕ್ಕವನ್ನೂ ಹಾಕಿಕೊಳ್ಳಿ. ಸಾಮಾನ್ಯ ಪ್ಯಾಕುಗಳ ಅವಧಿ ತಿಂಗಳಲ್ಲ, 28 ದಿನ. ಆದುದರಿಂದ ವರ್ಷಕ್ಕೆ ಹನ್ನೆರಡು ಸಾರಿಯಲ್ಲ, ಹದಿಮೂರು ಸಾರಿ ಹಣ ಹಾಕಬೇಕಾಗುತ್ತದೆ. ಮನೆಮಂದಿಯ ಫೋನುಗಳ ಜೊತೆಗೆ ಮೋಟಾರಿನದೂ ಒಂದು ಫೋನೆಂದು ಎಣಿಸಬೇಕು. ಪೆಟ್ಟಿಗೆ ಕೆಟ್ಟಿತೆಂದು ಮೆಕ್ಯಾನಿಕ್ಕನ್ನು ಕರೆಸಿ, ಕೊನೆಗೆ ಕರೆನ್ಸಿ ಮುಗಿದಿತ್ತೆಂದು ತಿಳಿಯುವುದು ನಮ್ಮಲ್ಲಿ ಸಾಮಾನ್ಯವಾಗಿದೆ. ಹೆಚ್ಚು ದಿನದ ಅವಧಿಯ ಪ್ಯಾಕನ್ನು ಹಾಕಿಸುವುದು ಮೇಲು.

ಎರಡು ಅಪಾಯಗಳನ್ನು ಮಾರುವವರು ಹೇಳುವುದೇ ಇಲ್ಲ. ಮೊದಲನೆಯದು ಪ್ರಾಣದ ವಿಷಯ. ಮಗ ಬೆಂಗಳೂರಿನಲ್ಲಿರುತ್ತಾನೆ, ಅವನ ಫೋನಿನಲ್ಲೂ ಈ ಪೆಟ್ಟಿಗೆಯ ನಂಬರಿರುತ್ತದೆ. ಇಲ್ಲಿ ತಂದೆ ಸ್ಟಾರ್ಟರು ಬಿಚ್ಚಿಕೊಂಡು ಕುಳಿತಿರುವಾಗ ಅಲ್ಲಿಂದ ಮಗ ಮೋಟಾರು ಹಾಕಿದರೆ ಗತಿಯೇನು? ಫೋನಿನಲ್ಲಿ ನಿಲ್ಲಿಸಿದ್ದೇನೆಂದು ನಂಬಿ ತಂತಿ ಮುಟ್ಟಕೂಡದು. ಮೇನ್ ಸ್ವಿಚ್ಚನ್ನು ಇಳಿಸಿ, ಫ್ಯೂಸುಗಳನ್ನು ಕಿತ್ತು ಜೇಬಿನಲ್ಲಿಟ್ಟುಕೊಂಡ ಮೇಲೆಯೇ ಕೈ ಹಾಕತಕ್ಕದ್ದು. ಮೋಟಾರನ್ನು ಮೇಲೆತ್ತುವ ದಿನವಂತೂ ಪೆಟ್ಟಿಗೆಯಿಂದ ಸಿಮ್ಮನ್ನೇ ತೆಗೆದಿಡುವುದು ಕ್ಷೇಮ.

ಎರಡನೆಯದು ಟಿ.ಸಿ.ಯ ವಿಷಯ. ಈ ಪೆಟ್ಟಿಗೆಗಳಲ್ಲಿ ‘ಆಟೋ’ ಎಂಬ ಒಂದು ಏರ್ಪಾಡಿದೆ. ವಿದ್ಯುತ್ತು ಬಂದ ಕೂಡಲೆ ಯಾರೂ ಹೇಳದೆಯೇ ಮೋಟಾರು ಓಡತೊಡಗುತ್ತದೆ. ಒಬ್ಬನಿಗೆ ಇದು ಅನುಕೂಲವೇ. ಆದರೆ ಒಂದು ಟಿ.ಸಿ.ಯ ಕೆಳಗಿರುವ ಹತ್ತು ಮಂದಿಯೂ ಇದನ್ನೇ ಮಾಡಿದರೆ ಏನಾಗುತ್ತದೆ ನೋಡಿ. 5 ಅಶ್ವಶಕ್ತಿಯ ಮೋಟಾರು ಓಡುವಾಗ ಸುಮಾರು ಏಳು ಏಳೂವರೆ ಆಂಪಿಯರು ಎಳೆಯುತ್ತದೆ. ಹತ್ತು ಮೋಟಾರಿಗೆ ಎಪ್ಪತ್ತೈದು ಎಂದಿಟ್ಟುಕೊಳ್ಳಿ. 63 ಕೆ.ವಿ.ಎ. ಟಿ.ಸಿ.ಯ ಶಕ್ತಿ ಸುಮಾರು 85 ಆಂಪಿಯರು, ತಡೆದುಕೊಳ್ಳುತ್ತದೆ. ಆದರೆ ನಿಂತ ಮೋಟಾರು ಏಳುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ, ಅಂದರೆ ಸುಮಾರು ನಲವತ್ತು. ಹತ್ತೂ ಒಟ್ಟಿಗೆ ಎದ್ದರೆ ನಾನೂರು! ಭಾರದ ಗಾಡಿಗೆ ಏರುದಾರಿಯಲ್ಲಿ ಎತ್ತುಗಳು ಮಂಡಿಯೂರಿದಂತೆ ವೋಲ್ಟೇಜು ಕುಸಿಯುತ್ತದೆ. ವೋಲ್ಟೇಜು ಕುಸಿದುದರಿಂದ ಮೋಟಾರುಗಳು ವೇಗ ಹಿಡಿಯಲಾರವು. ವೇಗ ಹಿಡಿಯದಿರುವಷ್ಟು ಹೊತ್ತೂ ಹೆಚ್ಚಿನ ಆಂಪಿಯರನ್ನೇ ಎಳೆಯುತ್ತ ಕಾಯುತ್ತವೆ. ಫ್ಯೂಸು ಹೋದರೆ ಪುಣ್ಯ. ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಕಟ್ಟಿದ್ದರೆ ಟಿ.ಸಿ.ಯೇ ಸುಡುತ್ತದೆ. ಆಮೇಲೆ ಹತ್ತು ಮಂದಿಯೂ ಹೊಸ ಟಿ.ಸಿ.ಗಾಗಿ ವಾರಗಟ್ಟಲೆ ಕಚೇರಿಗೆ ಅಲೆಯಬೇಕು.

ಇದಕ್ಕೆ ಪರಿಹಾರ ಪೆಟ್ಟಿಗೆಯಲ್ಲೇ ಇದೆ. ವಿದ್ಯುತ್ತು ಬಂದ ಎಷ್ಟು ಹೊತ್ತಿಗೆ ಮೋಟಾರು ಹಾಕಬೇಕೆಂದು ಕಾಲವನ್ನು ನಿಗದಿ ಮಾಡಲು ಬರುತ್ತದೆ. ಒಂದು ಟಿ.ಸಿ.ಯ ಒಕ್ಕಲುಗಳೆಲ್ಲ ಒಂದು ಸಂಜೆ ಸೇರಿ, ಮೊದಲನೆಯವನು ಎರಡು ನಿಮಿಷ, ಎರಡನೆಯವನು ನಾಲ್ಕು, ಮೂರನೆಯವನು ಆರು ಎಂದು ಹಂಚಿಕೊಂಡು ಮೆಕ್ಯಾನಿಕ್ಕಿನಿಂದ ಹಾಗೆಯೇ ಮಾಡಿಸಿಕೊಳ್ಳಬೇಕು. ಕೆರೆಯ ನೀರಿಗೆ ಸರದಿ ಹಾಕಿಕೊಂಡು ಬಂದ ಜನರಿಗೆ ಇದೇನೂ ಹೊಸ ವಿದ್ಯೆಯಲ್ಲ. ಕಾಸೂ ಖರ್ಚಿಲ್ಲ.

ಇನ್ನೊಂದು ಮಾತು. ನಡೆದುಹೋಗಿ ಮೋಟಾರು ಹಾಕುತ್ತಿದ್ದಾಗ ತೋಟವನ್ನೂ ಒಮ್ಮೆ ನೋಡಿ ಬರುತ್ತಿದ್ದೆವು. ಈಗ ಹಾಸಿಗೆಯಲ್ಲಿ ಮಲಗಿಯೇ ಹಾಕಿ ಮರೆತುಬಿಡುವವರಿದ್ದಾರೆ. ಪೈಪು ಕಳಚಿ ನೀರೆಲ್ಲ ಪಕ್ಕದ ಹಳ್ಳಕ್ಕೆ ಹರಿದರೂ ಪೆಟ್ಟಿಗೆಗೆ ತಿಳಿಯದು. ಅದಕ್ಕೆ ತಿಳಿಯುವುದು ಆಂಪಿಯರು ಮಾತ್ರ. ಇಷ್ಟು ಗಂಟೆಗೆ ನಿಲ್ಲಲಿ ಎಂದು ಟೈಮರು ಇಡುವುದನ್ನು ಕಲಿಯದವನು ಈ ಪೆಟ್ಟಿಗೆಯನ್ನು ಅರ್ಧ ಮಾತ್ರ ಕೊಂಡಂತೆ.

ಪಹಣಿಯೂ ಬೆಳೆ ಸಮೀಕ್ಷೆಯೂ

ಜಾಲತಾಣಗಳಲ್ಲಿ ರೈತರಿಗೆ ಅತ್ಯಂತ ಹಳೆಯ ಪರಿಚಯ ‘ಭೂಮಿ’ಯದು. 2000ದ ಆಸುಪಾಸಿನಲ್ಲಿ ಕೈಬರಹದ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದರು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಈಗ ಸರ್ವೆ ನಂಬರು, ಹಿಸ್ಸಾ ನಂಬರು ಗೊತ್ತಿದ್ದರೆ ಫೋನಿನಲ್ಲಿಯೇ ನೋಡಬಹುದು. ನೋಡಲು ಶುಲ್ಕವಿಲ್ಲ. ಬ್ಯಾಂಕಿಗೆ, ಕಚೇರಿಗೆ ಕೊಡುವ ಅಧಿಕೃತ ಪ್ರತಿಗೆ ಮಾತ್ರ ಶುಲ್ಕ. ಈ ಭೇದ ತಿಳಿಯದೆ ಬರಿದೇ ನೋಡುವುದಕ್ಕೂ ಹಣ ಕೊಡುವವರಿದ್ದಾರೆ.

ವರ್ಷಕ್ಕೆರಡು ಸಲವಾದರೂ ಪಹಣಿಯನ್ನು ತೆರೆದು ನೋಡುವ ಅಭ್ಯಾಸ ಇರಬೇಕು. 9ನೆಯ ಕಲಮಿನಲ್ಲಿ ಮಾಲೀಕನ ಹೆಸರು, 10ರಲ್ಲಿ ಜಮೀನು ಹೇಗೆ ಬಂತೆಂಬುದು, 11ರಲ್ಲಿ ಸಾಲ ಮುಂತಾದ ಋಣಗಳು, 12ರಲ್ಲಿ ಸಾಗುವಳಿ ಮಾಡುವವರ ಹಾಗೂ ಬೆಳೆಯ ವಿವರ ಇರುತ್ತವೆ. ತೀರಿಸಿದ ಸಾಲ 11ನೆಯ ಕಲಮಿನಲ್ಲಿ ಇನ್ನೂ ಕುಳಿತಿದ್ದರೆ ಹೊಸ ಸಾಲಕ್ಕೆ ಹೋದ ದಿನವೇ ಅದು ಕಣ್ಣಿಗೆ ಬೀಳುವುದು. ಮನೆಯಲ್ಲಿ ಕುಳಿತೇ ಮೊದಲು ನೋಡಿದ್ದರೆ ಬ್ಯಾಂಕಿನ ತೀರುವಳಿ ಪತ್ರ ತಂದು ತೆಗೆಸಿಕೊಳ್ಳಲು ವೇಳೆ ಇರುತ್ತದೆ.

ಹೆಸರಿನ ತೊಡಕು ಇನ್ನೂ ದೊಡ್ಡದು. ಪಹಣಿಯಲ್ಲಿ ‘ರಾಮಣ್ಣ ಬಿನ್ ದೊಡ್ಡಯ್ಯ’ ಎಂದಿರುತ್ತದೆ, ಆಧಾರಿನಲ್ಲಿ ‘ರಾಮಯ್ಯ ಡಿ.’ ಎಂದಿರುತ್ತದೆ, ಬ್ಯಾಂಕಿನ ಪುಸ್ತಕದಲ್ಲಿ ಮೂರನೆಯ ಬಗೆ. ಊರಿನವರಿಗೆಲ್ಲ ಅವನು ಒಬ್ಬನೇ ರಾಮಣ್ಣ. ಯಂತ್ರಕ್ಕೆ ಮೂವರು. ‘ಫ್ರೂಟ್ಸ್’ ತಂತ್ರಾಂಶದ ನೋಂದಣಿ, ಬೆಳೆ ಪರಿಹಾರ, ಕಿಸಾನ್ ಸಮ್ಮಾನ್ ಯೋಜನೆಯ ವರ್ಷಕ್ಕೆ 6000 ರೂಪಾಯಿ, ಇವೆಲ್ಲ ಹೆಸರು ಹೊಂದದೆ ನಿಲ್ಲುವುದುಂಟು. ಇದರಲ್ಲಿ ರೈತನ ತಪ್ಪೇನೂ ಇಲ್ಲ. ಆದರೆ ಅಲೆಯುವವನು ಅವನೇ. ಬಿಡುವಿನ ಕಾಲದಲ್ಲಿ ಮೂರೂ ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸಿ, ವ್ಯತ್ಯಾಸವಿದ್ದರೆ ಗ್ರಾಮ ಆಡಳಿತಾಧಿಕಾರಿಗಳ ಬಳಿ ಈಗಲೇ ವಿಚಾರಿಸುವುದು ಒಳ್ಳೆಯದು.

‘ದಿಶಾಂಕ್’ ಎಂಬ ಆ್ಯಪು ನಾವು ನಿಂತ ನೆಲದ ಸರ್ವೆ ನಂಬರನ್ನು ಹೇಳುತ್ತದೆ. ಜಮೀನು ಕೊಳ್ಳಲು ಹೋದವರಿಗೆ ಇದು ಬಹಳ ಉಪಯುಕ್ತ. ತೋರಿಸುವ ಜಮೀನೊಂದು, ಕಾಗದದ ಜಮೀನೊಂದು ಎಂಬ ಮೋಸ ಇದರಿಂದ ಬಯಲಾಗುತ್ತದೆ. ಆದರೆ ಇದನ್ನು ಹಿಡಿದು ಬದುವಿನ ಜಗಳಕ್ಕೆ ಹೋಗಬೇಡಿ. ಫೋನು ಆಕಾಶದ ಉಪಗ್ರಹಗಳಿಂದ ಸ್ಥಳವನ್ನು ಗುರುತಿಸುವಾಗ ಕೆಲವು ಮೀಟರು ಅತ್ತಿತ್ತ ಆಗುವುದು ಸಹಜ. ಅಡಿಕೆ ತೆಂಗಿನ ನೆರಳಿನಲ್ಲಿ ಇನ್ನೂ ಹೆಚ್ಚು. ಬದುವಿನ ವ್ಯಾಜ್ಯವಿರುವುದು ಒಂದೆರಡು ಅಡಿಯ ಮೇಲೆ. ಅದಕ್ಕೆ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಸರ್ವೆಯವರಿಂದ ಅಳತೆ ಮಾಡಿಸುವುದೇ ದಾರಿ.

ಬೆಳೆ ಸಮೀಕ್ಷೆಯ ಆ್ಯಪಿನ ವಿಷಯದಲ್ಲಿ ನಮ್ಮ ಜನ ತೋರಿಸುವ ಉದಾಸೀನ ನನಗೆ ಅರ್ಥವಾಗುವುದಿಲ್ಲ. 2020ರ ಮುಂಗಾರಿನಿಂದ ರೈತನು ತಾನೇ ತನ್ನ ಹೊಲದಲ್ಲಿ ನಿಂತು, ಬೆಳೆಯ ಹೆಸರನ್ನೂ ವಿಸ್ತೀರ್ಣವನ್ನೂ ನಮೂದಿಸಿ, ಚಿತ್ರ ತೆಗೆದು ಕಳಿಸುವ ಅವಕಾಶವಿದೆ. ನಾವು ಮಾಡದಿದ್ದರೆ ಸಮೀಕ್ಷೆಗೆ ನೇಮಕವಾದ ಊರಿನ ಹುಡುಗರು ಬಂದು ಮಾಡುತ್ತಾರೆ. ಅವರು ಒಂದು ದಿನಕ್ಕೆ ಎಷ್ಟೋ ತಾಕುಗಳನ್ನು ಮುಗಿಸಬೇಕು. ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ತೊಗರಿ, ಅವರೆ ಇದ್ದುದನ್ನು ಗಮನಿಸದೆ ಬರಿಯ ರಾಗಿ ಎಂದು ಬರೆದರೆ ಅವರನ್ನು ಪೂರ್ತಿಯಾಗಿ ದೂರುವಂತಿಲ್ಲ. ಆದರೆ ಬರೆದದ್ದು ಬರೆದದ್ದೇ. ಅತಿವೃಷ್ಟಿ ಅನಾವೃಷ್ಟಿಯ ಪರಿಹಾರಕ್ಕೂ, ಬೆಂಬಲ ಬೆಲೆಯ ಖರೀದಿಗೂ, ಬೆಳೆ ವಿಮೆಗೂ ಇದೇ ದಾಖಲೆಯನ್ನು ನೋಡುತ್ತಾರೆ. ವಿಮೆಗೆ ಹಣ ಕಟ್ಟಿದ ಬೆಳೆ ಒಂದು, ಸಮೀಕ್ಷೆಯಲ್ಲಿ ಬಂದ ಬೆಳೆ ಇನ್ನೊಂದು ಆದರೆ ವಿಮೆಯ ಅರ್ಜಿ ತಿರಸ್ಕೃತವಾಗಬಹುದು. ‘ಬೆಳೆ ದರ್ಶಕ್’ ಎಂಬ ಇನ್ನೊಂದು ಆ್ಯಪಿನಲ್ಲಿ ನಮ್ಮ ಹೊಲಕ್ಕೆ ಏನು ದಾಖಲಾಗಿದೆಯೆಂದು ನೋಡಿ, ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಒಂದು ಬೀಡಿ ಸೇದುವಷ್ಟು ಹೊತ್ತಿನ ಕೆಲಸ.

ವಿಮೆಯ ಮಾತು ಬಂದುದರಿಂದ ಇದನ್ನೂ ಹೇಳಿಬಿಡುತ್ತೇನೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ರೈತನ ಪಾಲು ಮುಂಗಾರಿನ ಆಹಾರ ಮತ್ತು ಎಣ್ಣೆಕಾಳು ಬೆಳೆಗಳಿಗೆ ನೂರಕ್ಕೆ 2, ಹಿಂಗಾರಿಗೆ ಒಂದೂವರೆ, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗಳಿಗೆ 5. ಆಲಿಕಲ್ಲು ಮಳೆಯಂಥ ಸ್ಥಳೀಯ ವಿಕೋಪದಿಂದ ಹಾನಿಯಾದರೆ 72 ಗಂಟೆಯೊಳಗೆ ತಿಳಿಸಬೇಕೆಂಬ ನಿಯಮವಿದೆ. ಆ್ಯಪಿನಲ್ಲಿ ತಿಳಿಸಬಹುದು, 14447 ನಂಬರಿಗೆ ಕರೆ ಮಾಡಿಯೂ ತಿಳಿಸಬಹುದು. ಮೂರು ದಿನವೆಂದರೆ ಬೆಳೆ ಹೋದ ದುಃಖದಲ್ಲಿ ಕಳೆದೇಹೋಗುತ್ತವೆ. ಈ ನಂಬರನ್ನು ಗೋಡೆಯ ಮೇಲೆ ಮಸಿಯಿಂದ ಬರೆದಿಟ್ಟುಕೊಳ್ಳಿ.

ಮಳೆ, ಧಾರಣೆ

ಹವಾಮಾನದ ಆ್ಯಪುಗಳಲ್ಲಿ ‘ಮೇಘದೂತ್’ 2019ರಲ್ಲಿ ಬಂದದ್ದು. ಹವಾಮಾನ ಇಲಾಖೆಯೂ ಕೃಷಿ ಸಂಶೋಧನಾ ಪರಿಷತ್ತೂ ಸೇರಿ ಮಾಡಿದ ಇದರಲ್ಲಿ ಮುಂದಿನ ಐದು ದಿನದ ಮುನ್ಸೂಚನೆ, ಮಂಗಳವಾರ ಮತ್ತು ಶುಕ್ರವಾರ ಬೆಳೆಗಳ ಸಲಹೆ ಕನ್ನಡದಲ್ಲಿಯೇ ಸಿಗುತ್ತವೆ. ಇದು ಸುಳ್ಳು ಹೇಳುತ್ತದೆಂದು ಬೈಯುವವರನ್ನು ಕಂಡಿದ್ದೇನೆ. ಮುನ್ಸೂಚನೆ ಜಿಲ್ಲೆಗೋ ತಾಲ್ಲೂಕಿಗೋ ಇರುತ್ತದೆ. ನಮ್ಮ ಮಳೆಯೋ ಎತ್ತಿನ ಒಂದು ಕೊಂಬನ್ನು ನೆನೆಸಿ ಇನ್ನೊಂದನ್ನು ಒಣಗಲು ಬಿಡುವ ಜಾತಿಯದು. ಬಿತ್ತನೆಯನ್ನು ಇದೊಂದನ್ನೇ ನಂಬಿ ಮಾಡಲಾಗದು. ಆದರೆ ಕೆಲಸವನ್ನು ನಿಲ್ಲಿಸಲು ಇದು ಬಹಳ ಒಳ್ಳೆಯ ಸಲಹೆಗಾರ. ನಾಳೆ ಮಳೆಯ ಸಂಭವವಿದ್ದರೆ ಇಂದು ಔಷಧಿ ಸಿಂಪಡಿಸಬೇಡಿ, ಯೂರಿಯಾ ಎರಚಬೇಡಿ, ರಾಗಿ ಕೊಯ್ದು ಹೊಲದಲ್ಲಿ ಬಿಡಬೇಡಿ. ಮಳೆ ಬಾರದಿದ್ದರೆ ಹೋದದ್ದು ಒಂದು ದಿನ. ಬಂದಿದ್ದರೆ ಒಂದು ಮೂಟೆ ಗೊಬ್ಬರ ಉಳಿಯಿತು.

ಸ್ಮಾರ್ಟ್ ಫೋನು ಇಲ್ಲದವರಿಗೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣ ಮಿತ್ರ’ ಸಹಾಯವಾಣಿ ಇದೆ, 92433 45433. ಹಳ್ಳಿಯ ಹೆಸರು ಹೇಳಿದರೆ ಮಾತಿನಲ್ಲೇ ತಿಳಿಸುತ್ತಾರೆ. ನನ್ನ ಮಟ್ಟಿಗೆ ಹತ್ತು ಆ್ಯಪುಗಳಿಗಿಂತ ಹೀಗೆ ಬಾಯಿಮಾತಿನಲ್ಲಿ ಸಿಗುವ ಉತ್ತರ ಹೆಚ್ಚು ಹಿತ. ಸಿಡಿಲಿಗೆ ‘ದಾಮಿನಿ’ ಎಂಬ ಆ್ಯಪಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಮಾಡಿದ್ದು. ನಾವಿರುವಲ್ಲಿಂದ 20, 40 ಕಿಲೋಮೀಟರಿನೊಳಗೆ ಸಿಡಿಲು ಬೀಳುವ ಸಂಭವವನ್ನು ತಿಳಿಸುತ್ತದೆ. ಇಂಟರ್ನೆಟ್ಟು ಮತ್ತು ಸ್ಥಳ ತಿಳಿಸುವ ಏರ್ಪಾಡು ಎರಡೂ ತೆರೆದಿರಬೇಕು. ಎಚ್ಚರಿಕೆ ಬಂದರೆ ಮರದಡಿಗೆ ಓಡದೆ ಭದ್ರವಾದ ಮನೆಯೊಳಕ್ಕೆ ಸೇರಿರಿ. ಕುರಿ ಕಾಯುವ ಹುಡುಗರಿಗೆ ಇದನ್ನು ಹೇಳಿಕೊಡುವುದು ಅಗತ್ಯ.

ಧಾರಣೆಗೆ ‘ಕೃಷಿ ಮಾರಾಟವಾಹಿನಿ’ ಜಾಲತಾಣವಿದೆ. ಇದರಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ಬೆಲೆ ಕಾಣಿಸುತ್ತವೆ. ಈರುಳ್ಳಿ ಕ್ವಿಂಟಾಲಿಗೆ ಕನಿಷ್ಠ 600, ಗರಿಷ್ಠ 2000, ಮಾದರಿ 1200 ಎಂದಿದೆಯೆಂದು ಇಟ್ಟುಕೊಳ್ಳಿ. ವಾಟ್ಸಾಪಿನ ಗುಂಪುಗಳಲ್ಲಿ ಓಡಾಡುವುದು ಆ 2000 ಮಾತ್ರ. ಅದು ಒಂದೆರಡು ಲಾಟಿಗೆ, ಒಳ್ಳೆಯ ಗಾತ್ರದ ಒಣಗಿದ ಗಡ್ಡೆಗೆ ಸಿಕ್ಕ ಬೆಲೆ. ಹೆಚ್ಚಿನ ಮಾಲು ಮಾರಿದ್ದು ಯಾವ ಬೆಲೆಯ ಸುತ್ತ ಎಂಬುದನ್ನು ಹೇಳುವುದು ಮಾದರಿ ಬೆಲೆ. ಲಾರಿ ಬಾಡಿಗೆ, ಹಮಾಲಿಯನ್ನು ಅದರಿಂದ ಕಳೆದು ನೋಡಿ ದೂರದ ಮಾರುಕಟ್ಟೆಗೆ ಹೋಗುವುದೋ ಬೇಡವೋ ತೀರ್ಮಾನಿಸಬೇಕು. ಅಲ್ಲಿ ಕಾಣುವುದು ಆಗಲೇ ಮುಗಿದ ವ್ಯಾಪಾರದ ಬೆಲೆಯೆಂಬುದೂ ನೆನಪಿರಲಿ. ಆವಕದ ಲೆಕ್ಕವನ್ನು ಜೊತೆಗೆ ನೋಡಿದರೆ, ಮಾಲು ದಿನದಿನಕ್ಕೆ ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿದು ನಾಳೆಯ ಸ್ಥಿತಿ ಸ್ವಲ್ಪ ಅಂದಾಜಾಗುತ್ತದೆ.

ಯೂಟ್ಯೂಬಿನಲ್ಲಿ ತೋರಿಸುವ ಔಷಧಿಗಳ ವಿಷಯ ಒಂದೇ ಮಾತು. ನೋಡಿದ್ದನ್ನು ಹೊಡೆಯುವ ಮುಂಚೆ ಕಿಸಾನ್ ಕಾಲ್ ಸೆಂಟರಿನ 1800-180-1551 ನಂಬರಿಗೆ ಬೆಳಿಗ್ಗೆ 6ರಿಂದ ರಾತ್ರಿ 10ರೊಳಗೆ ಕರೆಮಾಡಿ ಕನ್ನಡದಲ್ಲಿಯೇ ವಿಚಾರಿಸಿ, ಇಲ್ಲವೆ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ರೋಗದ ಎಲೆಯನ್ನು ಒಯ್ದು ತೋರಿಸಿ.

ಹಣದ ಎಚ್ಚರ

2016ರಲ್ಲಿ ಆರಂಭವಾದ ಯು.ಪಿ.ಐ. ಹಳ್ಳಿಯ ವ್ಯಾಪಾರವನ್ನೇ ಬದಲಿಸಿದೆ. ಚಿಲ್ಲರೆಯ ತಾಪತ್ರಯ ಹೋಯಿತು. ಹಾಲು ಹಾಕಿದ ದುಡ್ಡನ್ನು ಜೇಬಿನಲ್ಲಿ ಇಟ್ಟುಕೊಂಡು ಸಂತೆಯಲ್ಲಿ ಕಳೆದುಕೊಳ್ಳುವ ಭಯವೂ ಹೋಯಿತು. ಗುಂಡಿ ಫೋನಿನವರಿಗಾಗಿ 2022ರ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕು ‘ಯು.ಪಿ.ಐ. 123 ಪೇ’ ಎಂಬುದನ್ನೂ ಆರಂಭಿಸಿದೆ. ಇದೆಲ್ಲ ಒಳ್ಳೆಯದೇ. ಆದರೆ ಮನೆಯ ಹೆಂಗಸರಿಗೂ ಹಿರಿಯರಿಗೂ ಒಂದು ನಿಯಮವನ್ನು ಬಾಯಿಪಾಠ ಮಾಡಿಸಬೇಕು: ಪಿನ್ ಒತ್ತುವುದು ಹಣ ಕೊಡುವುದಕ್ಕೆ ಮತ್ತು ಖಾತೆಯ ಬಾಕಿ ನೋಡುವುದಕ್ಕೆ, ಹಣ ಪಡೆಯಲು ಪಿನ್ ಎಂದೂ ಬೇಕಿಲ್ಲ. ಹಸು ಕೊಳ್ಳುತ್ತೇನೆ, ಮುಂಗಡ ಕಳಿಸಿದ್ದೇನೆ, ಈ ಚೌಕವನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದು ಯಾರಾದರೂ ಹೇಳಿದರೆ ಅವನು ಕಳ್ಳ.

ಇನ್ನೊಂದು ಬಗೆಯ ಮೋಸ ಕಿಸಾನ್ ಸಮ್ಮಾನ್ ಯೋಜನೆಯ ಹೆಸರಿನಲ್ಲಿ ನಡೆಯುತ್ತದೆ. ಕಂತು ನಿಂತಿದೆ, ಇದನ್ನು ಹಾಕಿಕೊಳ್ಳಿ ಎಂದು ವಾಟ್ಸಾಪಿನಲ್ಲಿ ಒಂದು ಕಡತ ಬರುತ್ತದೆ. ಅದರ ಹೆಸರಿನ ಬಾಲದಲ್ಲಿ ‘ಎ.ಪಿ.ಕೆ.’ ಎಂಬ ಮೂರಕ್ಷರ ಇರುತ್ತವೆ. ಅದನ್ನು ಒತ್ತಿ ಅನುಮತಿ ಕೊಟ್ಟರೆ ನಮ್ಮ ಫೋನಿಗೆ ಬರುವ ಸಂದೇಶಗಳನ್ನೂ ಒ.ಟಿ.ಪಿ.ಯನ್ನೂ ದೂರದಲ್ಲಿರುವವನು ಓದಬಲ್ಲನು. ಆ್ಯಪುಗಳನ್ನು ಪ್ಲೇ ಸ್ಟೋರಿನಿಂದ ಮಾತ್ರ ಹಾಕಿಕೊಳ್ಳಬೇಕು. ಕಂತಿನ ಬಗ್ಗೆ ಸಂಶಯವಿದ್ದರೆ 155261ಕ್ಕೆ ಕೇಳಬಹುದು. ಸೇವಾ ಕೇಂದ್ರದ ಗಣಕಯಂತ್ರದ ಮುಂದೆ ಕುಳಿತಾಗಲೂ ಒ.ಟಿ.ಪಿ.ಯನ್ನು ಹೇಳುವ ಮೊದಲು ಆ ಸಂದೇಶ ಯಾವುದಕ್ಕೆ ಬಂದದ್ದೆಂದು ಯಾರಿಂದಲಾದರೂ ಓದಿಸಿ.

ಹಣ ಹೋಯಿತೆಂದು ತಿಳಿದರೆ ನಾಚಿಕೆಯಿಂದ ಮುಚ್ಚಿಡಬಾರದು. ಕೂಡಲೆ 1930ಕ್ಕೆ ಕರೆಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಕದ್ದವನು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುತ್ತ ಹೋಗುತ್ತಾನೆ. ದಾಟುವ ಮುಂಚೆ ತಿಳಿಸಿದರೆ ತಡೆಹಿಡಿಯಲು ಸಾಧ್ಯವಾಗುತ್ತದೆ. ಬೆಳಿಗ್ಗೆ ನೋಡೋಣವೆಂದರೆ ಹಣ ನಾಲ್ಕು ರಾಜ್ಯ ದಾಟಿರುತ್ತದೆ.

ಫೋನೇ ಕಳೆದುಹೋದರೆ ಮೊದಲು ಸಿಮ್ಮನ್ನು ನಿಲ್ಲಿಸಿ, ಬ್ಯಾಂಕಿಗೆ ಹೇಳಿ ಯು.ಪಿ.ಐ.ಯನ್ನು ತಡೆಸಬೇಕು. ಪ್ರತಿ ಫೋನಿಗೂ 15 ಅಂಕಿಗಳ ಒಂದು ಗುರುತು ಸಂಖ್ಯೆ ಇರುತ್ತದೆ. ಈಗಲೇ *#06# ಎಂದು ಒತ್ತಿದರೆ ಅದು ಪರದೆಯ ಮೇಲೆ ಮೂಡುತ್ತದೆ. ಎರಡು ಸಿಮ್ಮಿನ ಫೋನಾದರೆ ಎರಡು ಸಂಖ್ಯೆ. ಪಹಣಿಯ ಕಡತದಲ್ಲಿ ಅದನ್ನು ಬರೆದಿಟ್ಟಿರಿ. ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು, ಆ ದೂರಿನ ಪ್ರತಿಯೊಂದಿಗೆ ‘ಸಂಚಾರ್ ಸಾಥಿ’ ಜಾಲತಾಣದಲ್ಲಿ ಈ ಸಂಖ್ಯೆಯನ್ನು ಸಲ್ಲಿಸಿದರೆ ದೇಶದ ಯಾವ ಕಂಪನಿಯ ಸಿಮ್ಮಿನಲ್ಲೂ ಆ ಫೋನು ನಡೆಯದಂತೆ ತಡೆ ಹಾಕುತ್ತಾರೆ. ಫೋನು ಮರಳಿ ಸಿಕ್ಕರೆ ಅದೇ ತಾಣದಲ್ಲಿ ತಡೆಯನ್ನು ತೆಗೆಸಬಹುದು.